ಒಂದು ಗಣಕಯಂತ್ರ, ಹಲವು ಕೈ

ನಮ್ಮ ಸೀಮೆಯ ವಿದ್ಯಾರ್ಥಿನಿಲಯಗಳಲ್ಲಿದ್ದು ಓದಿ ಮುಂದೆ ಬಂದವರಿಗೆ ತಗಡಿನ ಟ್ರಂಕಿನ ನೆನಪು ಇದ್ದೇ ಇರುತ್ತದೆ. ಉಣ್ಣುವುದು ಒಂದೇ ಪಂಕ್ತಿಯಲ್ಲಿ, ಮಲಗುವುದು ಒಂದೇ ಹಜಾರದಲ್ಲಿ, ಓದುವುದು ಒಂದೇ ದೀಪದ ಕೆಳಗೆ. ಆದರೆ ಟ್ರಂಕು ಮಾತ್ರ ಅವರವರದು, ಅದರ ಬೀಗದ ಕೈ ಅವರವರ ಉಡಿದಾರದಲ್ಲಿ. ಮನೆಯಿಂದ ಬಂದ ಕಾಗದ, ಪರೀಕ್ಷಾ ಶುಲ್ಕಕ್ಕೆಂದು ಕೂಡಿಟ್ಟ ಹಣ, ಅವ್ವ ಕಟ್ಟಿಕೊಟ್ಟ ಕೊಬ್ಬರಿ ಮಿಠಾಯಿ ಎಲ್ಲವೂ ಅದರೊಳಗೆ. ಇದರಿಂದ ಸಹಜೀವನಕ್ಕೆ ಕುಂದುಂಟಾಯಿತೆಂದು ಯಾರೂ ಭಾವಿಸಲಿಲ್ಲ. ಈ ಟ್ರಂಕಿನ ನ್ಯಾಯವನ್ನು ನಾವು ಗಣಕಯಂತ್ರದ ಮುಂದೆ ಕುಳಿತೊಡನೆ ಮರೆಯುತ್ತಿದ್ದೇವೆಂಬುದೇ ಪ್ರಸ್ತುತ ಲೇಖನದ ವಿಷಯ.

ಕೆಲವು ವರ್ಷಗಳ ಕೆಳಗೆ ಚನ್ನರಾಯಪಟ್ಟಣ ತಾಲ್ಲೂಕಿನ ಶಾಲೆಯೊಂದರಲ್ಲಿ ಈ ಲೇಖಕನು ಸೇವೆಯಲ್ಲಿದ್ದಾಗ ನಡೆದ ಸಂಗತಿಯನ್ನು ಮೊದಲು ನಿವೇದಿಸಬೇಕು. ಕಚೇರಿಯಲ್ಲಿ ದಾನಿಯೊಬ್ಬರು ಕೊಡಿಸಿದ ಗಣಕಯಂತ್ರ ಒಂದೇ. ಮುಖ್ಯೋಪಾಧ್ಯಾಯರು, ಗುಮಾಸ್ತರು, ನಾವು ಮೂವರು ಸಹಶಿಕ್ಷಕರು, ಹೀಗೆ ಐವರಿಗೂ ಅದೇ. ಪಾಸ್‌ವರ್ಡೂ ಒಂದೇ, ಅದೂ ಮರೆತುಹೋಗಬಾರದೆಂದು ಪರದೆಯ ಅಂಚಿಗೆ ಚೀಟಿಯಲ್ಲಿ ಅಂಟಿಸಲಾಗಿತ್ತು. ಶಾಲೆಯ ಇ-ಮೇಲ್ ಹಗಲಿಡೀ ತೆರೆದೇ ಇರುತ್ತಿತ್ತು. ಎಸ್.ಎಸ್.ಎಲ್.ಸಿ. ಅಭ್ಯರ್ಥಿಗಳ ಹೆಸರು, ಜನ್ಮದಿನಾಂಕಗಳಲ್ಲಿ ತಪ್ಪಿದ್ದರೆ ಇಂಥ ದಿನದೊಳಗೆ ತಿದ್ದುಪಡಿ ಕಳುಹಿಸತಕ್ಕದ್ದೆಂಬ ಪತ್ರವೊಂದು ಒಂದು ಸಂಜೆ ಬಂದಿತು. ಬೇರಾವುದೋ ಕಾರ್ಯಕ್ಕಾಗಿ ಯಂತ್ರದ ಮುಂದೆ ಕುಳಿತಿದ್ದ ಯಾರೋ ಅದನ್ನು ತೆರೆದು, ಮುಚ್ಚಿ, ಎದ್ದು ಹೋದರು. ಒಮ್ಮೆ ತೆರೆದ ಪತ್ರವು ದಪ್ಪಕ್ಷರವನ್ನು ಕಳೆದುಕೊಂಡು ಹಳೆಯ ಪತ್ರಗಳ ಸಾಲಿಗೆ ಸೇರಿತು. ಮರುದಿನ ಗುಮಾಸ್ತರು ನೋಡಿದಾಗ ಹೊಸ ಟಪಾಲು ಇಲ್ಲವೆಂದೇ ಕಂಡಿತು. ಗಡುವು ಕಳೆಯಿತು.

ತಂದೆಯ ಹೆಸರು ತಪ್ಪಾಗಿ ಅಚ್ಚಾದ ಅಂಕಪಟ್ಟಿಯನ್ನು ಹಿಡಿದುಕೊಂಡು ಒಬ್ಬ ಬಡ ಹುಡುಗ ಹಾಸನಕ್ಕೂ ಬೆಂಗಳೂರಿಗೂ ಅಲೆದನು. ಅವನ ತಂದೆ ಕಚೇರಿಯ ಬಾಗಿಲಲ್ಲಿ ನಿಂತು, “ಆ ಕಾಗದ ನೋಡಿದೋರು ಯಾರು ಸ್ವಾಮಿ?” ಎಂದು ಕೇಳಿದರು. ಐವರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಯಾರೂ ಸುಳ್ಳು ಹೇಳಲಿಲ್ಲ. ಯಾರಿಗೂ ನಿಜವಾಗಿಯೇ ನೆನಪಿರಲಿಲ್ಲ. ಯಂತ್ರವನ್ನು ಕೇಳಿದರೆ ಅದಕ್ಕೆ ಗೊತ್ತಿದ್ದದ್ದು ಒಂದೇ ಹೆಸರು, ಶಾಲೆಯ ಹೆಸರು.

ಒಂದು ಯಂತ್ರವನ್ನು ಹಲವರು ಬಳಸುವುದು ಬಡತನದ ಲಕ್ಷಣವೆಂದು ಸಂಕೋಚಪಡುವವರುಂಟು. ಅದು ಸರಿಯಲ್ಲ. ಗಣಕಯಂತ್ರವು ಹುಟ್ಟಿದಾಗಿನಿಂದ ಹಂಚಿಕೆಯ ವಸ್ತುವೇ ಆಗಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1961ರಲ್ಲಿ ಫರ್ನಾಂಡೊ ಕಾರ್ಬಟೊ ಅವರ ತಂಡವು ಒಂದೇ ಯಂತ್ರದ ಮೇಲೆ ಹಲವರು ಏಕಕಾಲದಲ್ಲಿ ಕೆಲಸ ಮಾಡುವ ವ್ಯವಸ್ಥೆಯನ್ನು ಪ್ರದರ್ಶಿಸಿತು. ಗಣಕಯಂತ್ರಕ್ಕೆ ಪಾಸ್‌ವರ್ಡೆಂಬುದು ಬಳಕೆಗೆ ಬಂದದ್ದೂ ಆ ವ್ಯವಸ್ಥೆಯಲ್ಲಿಯೇ, ಒಬ್ಬರ ಕಡತ ಇನ್ನೊಬ್ಬರ ಕೈಗೆ ಹೋಗದಿರಲೆಂದು. ಅಲ್ಲಿಯೂ ಒಮ್ಮೆ ಅನಾಹುತವಾಯಿತು. ಬರೆಹಗಳನ್ನು ತಿದ್ದುವ ತಂತ್ರಾಂಶವು ತನ್ನ ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಹೆಸರಿಡುತ್ತಿತ್ತು. ಮೇಲ್ವಿಚಾರಕರಿಬ್ಬರು ಒಂದೇ ವೇಳೆಯಲ್ಲಿ, ಒಬ್ಬರು ಪಾಸ್‌ವರ್ಡುಗಳ ಪಟ್ಟಿಯನ್ನೂ ಮತ್ತೊಬ್ಬರು ಆ ದಿನದ ಸೂಚನೆಯನ್ನೂ ತಿದ್ದುತ್ತಿದ್ದಾಗ ಎರಡೂ ಅದಲುಬದಲಾದವು. ಆಮೇಲೆ ಯಂತ್ರದೊಳಕ್ಕೆ ಬಂದ ಪ್ರತಿಯೊಬ್ಬರಿಗೂ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡುಗಳೂ ದರ್ಶನವಿತ್ತವು! ಯಂತ್ರವನ್ನು ಇಬ್ಬರು ಬಳಸಿದ್ದು ದೋಷವಲ್ಲ; ಇಬ್ಬರ ಕೆಲಸಕ್ಕೂ ಹೆಸರು ಒಂದೇ ಆದದ್ದು ದೋಷ.

ಇದಕ್ಕೆ ಉತ್ತಮ ಉದಾಹರಣೆಯೊಂದು ನಮ್ಮ ರಾಜ್ಯದಲ್ಲಿಯೇ ಇದೆ. ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯು ಈ ಶತಮಾನದ ಆರಂಭದಲ್ಲಿ ರಾಜ್ಯದ 177 ತಾಲ್ಲೂಕುಗಳಲ್ಲಿ ಜಾರಿಗೆ ಬಂದಾಗ, ತಾಲ್ಲೂಕು ಕಚೇರಿಯ ಯಂತ್ರಗಳ ಮುಂದೆ ಹಲವು ಮಂದಿ ನೌಕರರು ಕೂರಬೇಕಾಗಿತ್ತು. ಪಾಸ್‌ವರ್ಡು ಬಾಯಿಂದ ಬಾಯಿಗೆ ಹರಿಯುವ ವಸ್ತುವೆಂದು ಬಲ್ಲವರು ಅಲ್ಲಿ ಬೆರಳಚ್ಚಿನ ಗುರುತನ್ನು ತಂದರು. ಯಂತ್ರ ಸರ್ಕಾರದ್ದು, ಆದರೆ ಖಾತೆ ಬದಲಾವಣೆ ಮಾಡಿದ ಬೆರಳು ಇಂಥವರದೆಂದು ದಾಖಲಾಗುತ್ತಿತ್ತು. ‘ನಾನಲ್ಲ’ ಎನ್ನಲು ಎಡೆಯಿರಲಿಲ್ಲ. ರೈತನ ಜಮೀನಿಗೆ ಸಲ್ಲುವ ಈ ಎಚ್ಚರ ಮಗುವಿನ ಅಂಕಪಟ್ಟಿಗೂ ಸಲ್ಲಬೇಡವೇ?

ಹಾಗಾದರೆ ಶಾಲೆಯಲ್ಲಿ ಏನು ಮಾಡಬಹುದು? ಬೆರಳಚ್ಚಿನ ಯಂತ್ರವೇನೂ ಬೇಕಿಲ್ಲ. ಇದ್ದುದನ್ನು ಬಳಸಿದರೆ ಸಾಕು. ವಿಂಡೋಸ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆಯನ್ನು ತೆರೆಯಬಹುದು. ಇದೇ ನಿಜವಾದ ಟ್ರಂಕು. ಒಬ್ಬರ ಕಡತ, ಬ್ರೌಸರು, ಅದರೊಳಗೆ ಕೂಡಿಟ್ಟ ಪಾಸ್‌ವರ್ಡು ಇನ್ನೊಬ್ಬರ ಖಾತೆಯಿಂದ ಸಾಮಾನ್ಯವಾಗಿ ಕಾಣವು. ಮೇಲ್ವಿಚಾರಣೆಯ ಅಧಿಕಾರವುಳ್ಳ ಖಾತೆಯನ್ನು ಒಬ್ಬರು ಜವಾಬ್ದಾರರ ಕೈಗೆ ಕೊಟ್ಟು, ಉಳಿದವರಿಗೆ ಸಾಧಾರಣ ಖಾತೆಯನ್ನು ಕೊಡಬೇಕು. ಎದ್ದು ಹೋಗುವಾಗ ವಿಂಡೋಸ್ ಗುಂಡಿಯೊಡನೆ ‘ಎಲ್’ ಅಕ್ಷರವನ್ನು ಒತ್ತಿದರೆ ಪರದೆಗೆ ಬೀಗ ಬಿದ್ದಂತೆ. ತರಗತಿಯ ಗಂಟೆ ಹೊಡೆದಾಗ ಓಡುವ ನಮಗೆ ಈ ಅಭ್ಯಾಸವೇ ಕಷ್ಟ.

ಬ್ರೌಸರಿನ ಪ್ರೊಫೈಲ್ ಎಂಬುದು ಇದಕ್ಕಿಂತ ಭಿನ್ನ. ಕ್ರೋಮ್ ಬ್ರೌಸರಿನಲ್ಲಿ 2011ರಿಂದ ಒಂದಕ್ಕಿಂತ ಹೆಚ್ಚು ಪ್ರೊಫೈಲುಗಳನ್ನಿಡುವ ಸೌಲಭ್ಯವುಂಟು, ಫೈರ್‌ಫಾಕ್ಸಿನಲ್ಲಿಯೂ ಉಂಟು. ಪ್ರತಿಯೊಂದಕ್ಕೂ ಬೇರೆ ಇ-ಮೇಲ್, ಬೇರೆ ಗುರುತುಪಟ್ಟಿ, ಬೇರೆ ಇತಿಹಾಸ. ಆದರೆ ಇದು ಟ್ರಂಕಲ್ಲ, ಟ್ರಂಕಿನೊಳಗಣ ಬಟ್ಟೆಯ ಚೀಲ; ಇದಕ್ಕೆ ಬೀಗವಿಲ್ಲ. ಒಂದೇ ವಿಂಡೋಸ್ ಖಾತೆಯಲ್ಲಿ ಕುಳಿತವರು ಒಂದು ಚಿಟಿಕೆಯಲ್ಲಿ ಮತ್ತೊಬ್ಬರ ಪ್ರೊಫೈಲಿಗೆ ಹೋಗಬಲ್ಲರು. ಆದಕಾರಣ ಒಬ್ಬರೇ ತಮ್ಮ ಸ್ವಂತದ ವ್ಯವಹಾರವನ್ನೂ ಶಾಲೆಯ ವ್ಯವಹಾರವನ್ನೂ ಬೇರ್ಪಡಿಸಿಕೊಳ್ಳಲು ಪ್ರೊಫೈಲು ಉತ್ತಮ. ಇಬ್ಬರು ವ್ಯಕ್ತಿಗಳ ನಡುವೆ ಗೋಡೆ ಕಟ್ಟಲು ಸಾಲದು. ನಮ್ಮ ಸಹೋದ್ಯೋಗಿಯೊಬ್ಬರು ಕಚೇರಿಯ ಬ್ರೌಸರಿನಲ್ಲಿ ತಮ್ಮ ಸ್ವಂತ ಖಾತೆಯನ್ನು ತೆರೆದು ‘ಸಿಂಕ್’ ಎಂಬುದಕ್ಕೆ ಒಪ್ಪಿಗೆಯಿತ್ತರು. ಮನೆಯಲ್ಲಿ ಕೂಡಿಟ್ಟಿದ್ದ ಅವರ ಬ್ಯಾಂಕಿನ ಪಾಸ್‌ವರ್ಡೂ ಕಚೇರಿಗೆ ಬಂದು ಕುಳಿತಿತು. ಅವರಿಗದು ತಿಳಿದದ್ದು ತಿಂಗಳ ಮೇಲೆ. ಇನ್ನು ‘ಇನ್‌ಕಾಗ್ನಿಟೋ’ ಕಿಟಕಿಯನ್ನು ಮಾಯಾಕವಚವೆಂದು ನಂಬುವವರಿದ್ದಾರೆ. ಮುಚ್ಚಿದ ಮೇಲೆ ಇತಿಹಾಸವನ್ನು ಮರೆಯುವುದಷ್ಟೇ ಅದರ ಗುಣ. ಇಳಿಸಿಕೊಂಡ ಕಡತಗಳು ಇದ್ದಲ್ಲಿಯೇ ಇರುತ್ತವೆ.

ಆ ‘ಡೌನ್‌ಲೋಡ್ಸ್’ ಕೋಶವನ್ನು ಯಾವುದೇ ಶಾಲೆಯಲ್ಲಿ ಒಮ್ಮೆ ತೆರೆದು ನೋಡಬೇಕು. ಮಕ್ಕಳ ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪೋಷಕರ ಬ್ಯಾಂಕ್ ಪುಸ್ತಕದ ಚಿತ್ರ ವರ್ಷಾನುಗಟ್ಟಲೆ ರಾಶಿ ಬಿದ್ದಿರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ ಅವರ ಮಾಹಿತಿಗೆ ವಿಶೇಷ ರಕ್ಷಣೆಯನ್ನು ವಿಧಿಸಿದೆ. ಕಾಯಿದೆಯ ಮಾತಿರಲಿ, ಆ ಕಾಗದಗಳನ್ನು ತಂದೆತಾಯಿಗಳು ಕೊಟ್ಟದ್ದು ನಮ್ಮನ್ನು ನಂಬಿ.

ಇ-ಮೇಲ್ ವಿಷಯಕ್ಕೆ ಮರಳೋಣ. ಶಾಲೆಯ ಅಂಚೆಪೆಟ್ಟಿಗೆಯನ್ನು ಹಲವರು ನೋಡಬೇಕಾದುದು ಅನಿವಾರ್ಯ. ಅದಕ್ಕಾಗಿ ಪಾಸ್‌ವರ್ಡನ್ನು ಹಂಚಬೇಕಿಲ್ಲ. ಜಿಮೇಲ್‌ನಲ್ಲಿ ಒಂದು ಖಾತೆಯ ಪತ್ರಗಳನ್ನು ಓದುವ, ಬರೆಯುವ ಅಧಿಕಾರವನ್ನು ಬೇರೊಂದು ಖಾತೆಗೆ ವಹಿಸಿಕೊಡುವ ಅವಕಾಶವಿದೆ. ಹಾಗೆ ವಹಿಸಿಕೊಂಡವರು ಮೂಲ ಖಾತೆಯ ಪಾಸ್‌ವರ್ಡನ್ನು ಬದಲಿಸಲಾರರು. ವರ್ಗವಾಗಿ ಹೋದಾಗ ಅವರ ಹೆಸರನ್ನು ತೆಗೆದರಾಯಿತು. ಖಾತೆಯ ಮೊಬೈಲ್ ಸಂಖ್ಯೆ ಯಾರದೆಂಬುದನ್ನೂ ನೋಡಿಕೊಳ್ಳಬೇಕು. ನಿವೃತ್ತರಾದ ಗುಮಾಸ್ತರ ಮೊಬೈಲಿಗೆ ಓ.ಟಿ.ಪಿ. ಹೋಗಿ, ಅವರನ್ನು ತೋಟದಲ್ಲಿ ಹುಡುಕಿಕೊಂಡು ಹೋದ ಪ್ರಸಂಗಗಳು ಹಾಸ್ಯಕ್ಕಷ್ಟೇ ಅಲ್ಲ. ಹಿರಿಯ ವಿದ್ಯಾರ್ಥಿ ಸಂಘಗಳಿಗೂ ಒಂದು ಮಾತು: ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಗೂಗಲ್ ಖಾತೆಗಳನ್ನು ಆ ಸಂಸ್ಥೆಯು ಅಳಿಸಬಹುದೆಂಬ ನಿಯಮ 2023ರಲ್ಲಿ ಬಂದಿದೆ. ಎಲ್ಲರದೆಂದು ತೆರೆದು ಯಾರೂ ನೋಡದ ಖಾತೆಯಲ್ಲಿ ಸಂಘದ ಸಮಾರಂಭದ ಛಾಯಾಚಿತ್ರಗಳಿದ್ದರೆ ಅವನ್ನು ಈಗಲೇ ಬೇರೆಡೆಗೆ ತೆಗೆದಿಡುವುದು ಲೇಸು.

ಬೆಂಗಳೂರಿನಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ತಾವು ಬಳಸಿದ ಲ್ಯಾಪ್‌ಟಾಪುಗಳನ್ನು ಶಾಲೆಗೆ ಕೊಡುತ್ತಿರುವುದು ಸಂತೋಷದ ಸಂಗತಿ. ಕೊಡುವ ಮುನ್ನ ತಮ್ಮ ಖಾತೆಗಳಿಂದ ಹೊರಬಂದು, ಯಂತ್ರವನ್ನು ಪೂರ್ತಿ ಅಳಿಸಿ ಕೊಡಬೇಕೆಂದು ವಿನಂತಿ. ಒಮ್ಮೆ ಹಾಗೆ ಬಂದ ಯಂತ್ರವನ್ನು ತೆರೆದಾಗ ಕೊಟ್ಟವರ ಅಂಚೆಪೆಟ್ಟಿಗೆ ಮಕ್ಕಳೆದುರಿಗೇ ತೆರೆದುಕೊಂಡಿತು.

ಅಂಕಪಟ್ಟಿಯ ಹುಡುಗನಿಗೆ ತಿದ್ದಿದ ಪ್ರತಿ ದೊರೆಯಲು ಹನ್ನೊಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ಕಚೇರಿಯ ಯಂತ್ರದಲ್ಲಿ ಐದು ಹೆಸರುಗಳು ಕಾಣಿಸಿಕೊಂಡಿದ್ದವು. ಆದರೂ ಒಂದು ತೊಡಕು ಉಳಿದಿತ್ತು. ಅಂಚೆಪೆಟ್ಟಿಗೆ ಒಂದೇ ಆದ್ದರಿಂದ ಒಬ್ಬರು ಓದಿದ ಪತ್ರ ಉಳಿದವರಿಗೂ ಓದಿದಂತೆಯೇ ತೋರುತ್ತದೆ. ಅಧಿಕಾರ ವಹಿಸಿಕೊಟ್ಟರೂ ಅದು ಹಾಗೆಯೇ. ಇದಕ್ಕೆ ಮದ್ದನ್ನು ಗುಮಾಸ್ತರೇ ಕಂಡುಹಿಡಿದರು. ಬೀರುವಿನಿಂದ ಹಳೆಯ ಟಪಾಲು ವಹಿಯನ್ನು ತೆಗೆದು, ಧೂಳು ಕೊಡವಿ, ದಿನವೂ ಬೆಳಿಗ್ಗೆ ಬಂದ ಇ-ಮೇಲ್‌ಗಳ ವಿಷಯ, ದಿನಾಂಕ, ಗಡುವುಗಳನ್ನು ಅದರಲ್ಲಿ ಬರೆದು, ಸಂಬಂಧಪಟ್ಟವರ ಸಹಿಯನ್ನು ಪಡೆಯತೊಡಗಿದರು.