‘ಹಟ್ಟಿ’: ರೂಪ ಒಂದು, ಮೂಲ ಎರಡು

ಶಿರಹಟ್ಟಿ ಎಂಬ ಊರ ಹೆಸರಿನ ಉತ್ತರಪದವಾದ ‘ಹಟ್ಟಿ’ಯನ್ನು ಸಂತೆ ಎಂಬರ್ಥದ ಸಂಸ್ಕೃತ ‘ಹಟ್ಟ’ ಶಬ್ದದೊಡನೆ ಜೋಡಿಸಲು ಮನಸ್ಸಾಗುವುದು ಸಹಜ. ಪಂಜಾಬಿಯಲ್ಲಿ ‘ಹಟ್ಟೀ’ ಎಂದರೆ ಅಂಗಡಿ; 1919ರಲ್ಲಿ ಸಿಯಾಲ್‌ಕೋಟಿನಲ್ಲಿ ಆರಂಭವಾದ ಮಸಾಲೆ ಅಂಗಡಿ ‘ಮಹಾಶಿಯಾಂ ದಿ ಹಟ್ಟಿ’ಯ ಹೆಸರಿನಲ್ಲಿರುವುದು ಈ ಪದವೇ. ಆದರೆ ರೂಪಸಾಮ್ಯವೊಂದೇ ಸಂಬಂಧಕ್ಕೆ ಪ್ರಮಾಣವಾಗದು.

ದೇಶ್ಯಪದಗಳ ಆದಿಯ ಹಕಾರವು ಕನ್ನಡದಲ್ಲಿ ಬಹುಮಟ್ಟಿಗೆ ಪಕಾರದಿಂದ ಬಂದುದು: ಪಾಲ್–ಹಾಲು, ಪುಲಿ–ಹುಲಿ, ಪಳ್ಳಿ–ಹಳ್ಳಿ. ಅದರಂತೆ ಹಟ್ಟಿಯ ಪೂರ್ವರೂಪ ‘ಪಟ್ಟಿ’. ಈ ಪರಿವರ್ತನೆಗೆ ಒಳಗಾಗದ ತಮಿಳಿನಲ್ಲಿ ‘ಪಟ್ಟಿ’ಯೇ ಉಳಿದಿದ್ದು, ಅದಕ್ಕೆ ದನಕುರಿಗಳ ದೊಡ್ಡಿ, ಸಣ್ಣ ಊರು ಎಂಬೆರಡೂ ಅರ್ಥಗಳಿವೆ, ಕೋವಿಲ್‌ಪಟ್ಟಿ, ಉಸಿಲಂಪಟ್ಟಿಗಳಲ್ಲಿರುವುದು ಇದೇ ಪದ. ನೀಲಗಿರಿಯ ಬಡಗರೂ ತಮ್ಮ ಊರನ್ನು ‘ಹಟ್ಟಿ’ ಎನ್ನುತ್ತಾರೆ. ಸಂಸ್ಕೃತ ‘ಹಟ್ಟ’ದಲ್ಲಾದರೋ ಹಕಾರ ಮೊದಲಿನಿಂದಲೇ ಇದೆ. ಅದು ಹಿಂದಿ, ಬಂಗಾಳಿಗಳಲ್ಲಿ ದ್ವಿತ್ವವನ್ನು ಕಳೆದುಕೊಂಡು ‘ಹಾಟ್’ ಆಯಿತು. ಪಂಜಾಬಿ ದ್ವಿತ್ವವನ್ನು ಉಳಿಸಿಕೊಂಡಿತು. ಹೀಗೆ ಎರಡು ಬೇರೆ ದಾರಿಗಳು ಆಕಸ್ಮಿಕವಾಗಿ ಒಂದೇ ರೂಪಕ್ಕೆ ಬಂದು ತಲುಪಿವೆ.

ಅರ್ಥದ ಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. ಉತ್ತರ ಕರ್ನಾಟಕದಲ್ಲಿ ದೀಪಾವಳಿಯಂದು ಸಗಣಿಯಿಂದ ಮಾಡಿ ಪೂಜಿಸುವ ‘ಹಟ್ಟೆವ್ವ’ ದನದ ಕೊಟ್ಟಿಗೆಯ ದೇವತೆಯೇ ಹೊರತು ಸಂತೆಯವಳಲ್ಲ. ಊರ ಹೆಸರುಗಳನ್ನು ಚರಿತ್ರೆಯ ಆಕರವಾಗಿ ಬಳಸುವಾಗ ಈ ವಿವೇಚನೆ ತಪ್ಪಿದರೆ ಪಶುಪಾಲಕರ ನೆಲೆಗಳು ವ್ಯಾಪಾರಕೇಂದ್ರಗಳಾಗಿ ದಾಖಲಾಗುತ್ತವೆ. ಆದ್ದರಿಂದ ಅರ್ಥವನ್ನು ಊಹಿಸುವ ಮುನ್ನ ಧ್ವನಿನಿಯಮವನ್ನು ಪರೀಕ್ಷಿಸಬೇಕೆಂಬುದು ನಮ್ಮ ನಿಲುವು.