ಎತ್ತುಗಳು ಮಾಡಿದ ಪಾಪವೇನು?

ಚಳ್ಳಕೆರೆ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಭರಣಿ ಮಳೆಯ ಒಂದು ಸಂಜೆ ಅವರ ಊರಿನ ರೈತರೊಬ್ಬರು ಉಳುವುದನ್ನು ನಿಲ್ಲಿಸಿ, ಎತ್ತು ಬಿಚ್ಚಿಕೊಂಡು ಬದುವಿನ ಹುಣಸೆಮರದ ಹತ್ತಿರ ಹೋದರಂತೆ. ಮರಕ್ಕೆ ಸಿಡಿಲು ಬಡಿಯಿತು. ಜೋಡಿ ಎತ್ತು ನಿಂತಲ್ಲೇ ಉರುಳಿದವು. ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕೂತಿದ್ದ ರೈತ ಎದ್ದು ಮನೆಗೆ ಬಂದರು. ಕಾಲಿನ ಲಾಳ, ಕೊರಳಿನ ಗಂಟೆ ಸಿಡಿಲನ್ನು ಎಳೆದವು ಎಂದು ಊರಲ್ಲಿ ಕೆಲವರು. ಆತನ ಪುಣ್ಯ ದೊಡ್ಡದು ಎಂದು ಉಳಿದವರು. "ಹಾಗಾದರೆ ಆ ಮೂಕಪ್ರಾಣಿಗಳು ಮಾಡಿದ ಪಾಪವೇನು ಸಾರ್?" ಎಂಬುದು ಪತ್ರದ ಕೊನೆಯ ಸಾಲು.

ಅವಕ್ಕೆ ನಾಲ್ಕು ಕಾಲಿದ್ದದ್ದು, ಮುಂಗಾಲಿಗೂ ಹಿಂಗಾಲಿಗೂ ನಡುವೆ ಒಂದೂವರೆ ಮೀಟರ್ ಅಂತರ ಇದ್ದದ್ದು. ಅಷ್ಟೇ.

ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಕಾದ ನೆಲದಿಂದ ತೇವದ ಗಾಳಿ ಎದ್ದು ಹತ್ತು-ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಮೋಡ ಬೆಳೆಯುತ್ತದೆ. ಅದರೊಳಗೆ ಹಿಮದ ಹರಳುಗಳೂ ಎಳೆ ಆಲಿಕಲ್ಲುಗಳೂ ಒಂದಕ್ಕೊಂದು ತಾಕಿ, ಮೇಲ್ಭಾಗದಲ್ಲಿ ಧನ ವಿದ್ಯುತ್ತು, ಕೆಳಭಾಗದಲ್ಲಿ ಋಣ ವಿದ್ಯುತ್ತು ಕೂಡಿಕೊಳ್ಳುತ್ತದೆ. ಇಷ್ಟು ಪಠ್ಯಪುಸ್ತಕದಲ್ಲೇ ಇದೆ. ಸಿಡಿಲು ನೆಲ ಮುಟ್ಟಿದ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಭೂಮಿಯೊಳಗೆ ಇಂಗಿಹೋಯಿತು ಎಂದುಕೊಂಡು ಸುಮ್ಮನಾಗುತ್ತೇವೆ.

ಇಂಗುವುದು ನಿಜ, ಆದರೆ ನೆಟ್ಟಗೆ ಕೆಳಕ್ಕಲ್ಲ. ಮರದ ಬುಡದಿಂದ ಸುತ್ತಲೂ ಹರಡುತ್ತದೆ. ಒಣನೆಲದಲ್ಲಿ ವಿದ್ಯುತ್ತು ಸಲೀಸಾಗಿ ಹರಿಯದು. ಹಾಗಾಗಿ ಬುಡದ ಹತ್ತಿರದ ನೆಲದಲ್ಲಿ ವೋಲ್ಟೇಜು ವಿಪರೀತ, ದೂರ ಹೋದಂತೆ ಕಡಿಮೆ. ಗುಡ್ಡದ ಇಳಿಜಾರಿನ ಹಾಗೆ. ಈ ಇಳಿಜಾರಿನ ಮೇಲೆ ನಿಮ್ಮ ಒಂದು ಕಾಲು ಎತ್ತರದಲ್ಲಿ, ಇನ್ನೊಂದು ತಗ್ಗಿನಲ್ಲಿ ಇದ್ದರೆ ವಿದ್ಯುತ್ತಿಗೆ ಮೈಯೇ ದಾರಿ.

ಲೆಕ್ಕ ಹಾಕಿಯೇ ನೋಡೋಣ. ಸಾಧಾರಣ ಸಿಡಿಲಿನಲ್ಲಿ 30,000 ಆಂಪಿಯರ್ ಹರಿಯುತ್ತದೆ. ನೆಲದ ರೋಧಶೀಲತೆ 1,000 ಓಮ್-ಮೀಟರ್ ಎಂದಿಟ್ಟುಕೊಳ್ಳಿ. ಮರದಿಂದ 10 ಮೀಟರ್ ದೂರದಲ್ಲಿ ಅರ್ಧ ಮೀಟರ್ ಕಾಲು ಅಗಲಿಸಿ ನಿಂತವನ ಎರಡು ಪಾದಗಳ ನಡುವೆ ಸುಮಾರು 22,000 ವೋಲ್ಟ್. ಅಲ್ಲೇ ಮರದ ಕಡೆ ಮುಖ ಮಾಡಿ ನಿಂತ ಎತ್ತಿನ ಮುಂಗಾಲು-ಹಿಂಗಾಲುಗಳ ನಡುವೆ 60,000ಕ್ಕೂ ಹೆಚ್ಚು! ಮನುಷ್ಯನಲ್ಲಿ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಸೊಂಟದ ಕೆಳಗೇ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಎತ್ತಿನಲ್ಲಿ ಎದೆ, ಹೃದಯ ಎಲ್ಲ ದಾಟಿಕೊಂಡೇ ಹೋಗಬೇಕು. ಪಾದಗಳನ್ನು ಜೋಡಿಸಿ ಕುಕ್ಕರಿಸಿದವನಿಗಾದರೋ ತಗ್ಗೂ ಇಲ್ಲ, ಎತ್ತರವೂ ಇಲ್ಲ.

ನಾರ್ವೆಯಲ್ಲಿ ಇದರ ಭೀಕರ ರೂಪ ಕಂಡಿತು. 2016ರ ಆಗಸ್ಟ್ 26, ಅಲ್ಲಿಯ ಬೇಸಿಗೆ ಮುಗಿಯುವ ಹೊತ್ತು. ಹಾರ್ಡಂಗರ್‌ವಿಡ್ಡ ಎಂಬ ಬೋಳು ಪ್ರಸ್ಥಭೂಮಿಯಲ್ಲಿ ಗುಡುಗಿಗೆ ಬೆದರಿ ಒತ್ತೊತ್ತಾಗಿ ನಿಂತಿದ್ದ 323 ಹಿಮಸಾರಂಗಗಳು ಒಟ್ಟಿಗೆ ಸತ್ತವು. ಒಂದೊಂದರ ತಲೆಗೂ ಒಂದೊಂದು ಸಿಡಿಲು ಬಡಿಯಲಿಲ್ಲ. ಕೊಂದದ್ದು ಕಾಲಡಿಯ ನೆಲ.

ಮನುಷ್ಯರ ಕಥೆಯೂ ಬೇರೆಯಲ್ಲ. ಸಿಡಿಲಿಗೆ ಬಲಿಯಾದವರಲ್ಲಿ ನೇರವಾಗಿ ಮೈಮೇಲೆ ಹೊಡೆಸಿಕೊಂಡವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ ಎಂಬುದು ತಜ್ಞ ವೈದ್ಯರ ಅಂದಾಜು. ಅರ್ಧದಷ್ಟು ಜನರನ್ನು ಕೊಲ್ಲುವುದು ನೆಲದ ವಿದ್ಯುತ್ತು. ಮೂರನೇ ಒಂದು ಪಾಲಿನಷ್ಟು ಸಾವಿಗೆ ಮರದಿಂದ ಪಕ್ಕಕ್ಕೆ ಜಿಗಿಯುವ ಕಿಡಿ ಕಾರಣ. ಆದ್ದರಿಂದ ನಮ್ಮ ರೈತರನ್ನು ನೋಡಿ ಮರದಡಿ ಕುಕ್ಕರಿಸಿದರೆ ಸಾಕು ಎಂದುಕೊಳ್ಳಬೇಡಿ. ಸಿಡಿಲು ಬಡಿದ ಹುಣಸೆಯೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಳಗಿನ ರಸ ಕುದಿದು ಆವಿಯಾಗಿ ತೊಗಟೆಯನ್ನು ಸಿಡಿಸಿತ್ತು. ತುದಿಯಿಂದ ಬುಡದವರೆಗೆ ಅಂಗೈ ಅಗಲದ ಬಿಳಿಯ ಗೀರು, ಮಾರು ದೂರದಲ್ಲಿ ಬಿದ್ದ ತೊಗಟೆಯ ಚೂರುಗಳು. ಆ ಬುಡದಲ್ಲಿ ಆಶ್ರಯ ಹುಡುಕುವುದೇ?

ಇನ್ನು ಲಾಳ, ಗಂಟೆ. ಕಿಲೋಮೀಟರುಗಟ್ಟಲೆ ಮೇಲಿನಿಂದ ಬರುವ ಸಿಡಿಲಿಗೆ ಗೇಣುದ್ದದ ಕಬ್ಬಿಣ ಲೆಕ್ಕಕ್ಕೇ ಇಲ್ಲ. ಅದು ನೋಡುವುದು ಎತ್ತರವನ್ನು. ಅದೂ ನೆಲ ಹತ್ತಿರವಾದ ಮೇಲೆ. ಅಂಗಳಕ್ಕೆ ಕತ್ತಿ ಎಸೆದರೆ ಸಿಡಿಲು ಅದರ ಮೇಲೆ ಬೀಳುತ್ತದೆ ಎಂಬ ನಂಬಿಕೆಯೂ ಅಷ್ಟೇ ಟೊಳ್ಳು. ಮೊಬೈಲು ಸಿಡಿಲನ್ನು ಕರೆಯುತ್ತದೆ ಎಂದು ಪ್ರತಿ ಬೇಸಿಗೆಯಲ್ಲೂ ವಾಟ್ಸಾಪಿನಲ್ಲಿ ಹಂಚುವ ವಿದ್ಯಾವಂತರಿಗಿಂತ ಕತ್ತಿ ಎಸೆಯುವ ಅಜ್ಜಿಯೇ ವಾಸಿ. ಆಕೆ ಮರುಕ್ಷಣವೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಸಿಡಿಲು ಬಡಿಯದಿರಲೆಂದು ಅರ್ಜುನನ ಹತ್ತು ಹೆಸರು ಹೇಳುವವರೊಡನೆ ನನಗೆ ಜಗಳವಿಲ್ಲ. ಅದಕ್ಕೊಂದು ಉಪಯೋಗವನ್ನೂ ಸೂಚಿಸುತ್ತೇನೆ. ಸದ್ದು ಒಂದು ಕಿಲೋಮೀಟರ್ ಸಾಗಲು ಮೂರು ಸೆಕೆಂಡು ಬೇಕು. ಹತ್ತು ಹೆಸರನ್ನು ನಿಧಾನವಾಗಿ ಹೇಳಲು ಸುಮಾರು ಹತ್ತು ಸೆಕೆಂಡು. ಮಿಂಚು ಕಂಡ ಕೂಡಲೇ ಶುರುಮಾಡಿ, ಮೂರು ಸಲ ಹೇಳಿ ಮುಗಿಸುವುದರೊಳಗೆ ಗುಡುಗು ಕೇಳಿದರೆ ಮೋಡ ಹತ್ತು ಕಿಲೋಮೀಟರಿನೊಳಗಿದೆ. ಎತ್ತು ಬಿಚ್ಚಿ ಊರ ದಾರಿ ಹಿಡಿಯಬೇಕಾದದ್ದು ಆಗ, ಹನಿ ಬಿದ್ದ ಮೇಲಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ 2,887 ಜನ ಸತ್ತರು. ಸಿಡಿಲು ತಗುಲಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ಜನ ದೂರ ನಿಲ್ಲುತ್ತಾರೆ. ಕೆಲವು ರಾಜ್ಯಗಳಲ್ಲಿ ಸಗಣಿಯಲ್ಲಿ ಹೂಳುವುದೂ ಉಂಟು. ಮೈಯಲ್ಲಿ ವಿದ್ಯುತ್ತು ಒಂದಿಷ್ಟೂ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಕ್ಷಣ ಎದೆಯ ನಡುವೆ ಎರಡೂ ಅಂಗೈ ಊರಿ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬಲವಾಗಿ ಒತ್ತುತ್ತಿರಿ, 108ಕ್ಕೆ ಫೋನ್ ಮಾಡಿಸಿ. ಹಲವರು ಬಿದ್ದಿದ್ದರೆ ನರಳುವವರನ್ನು ಬಿಟ್ಟು ಸತ್ತಂತೆ ಕಾಣುವವರ ಹತ್ತಿರ ಮೊದಲು ಹೋಗಿ. ನರಳುವವರ ಹೃದಯ ಬಡಿಯುತ್ತಿದೆ.

ಮತ್ತೆ ಎತ್ತು ಕೊಂಡಾಗ ಆ ರೈತರಿಗೆ ಇಷ್ಟು ಹೇಳಿ: ಗುಡುಗು-ಮಿಂಚಿನ ದಿನಗಳಲ್ಲಿ ದನಗಳನ್ನು ಒಂಟಿ ಮರಕ್ಕೆ ಕಟ್ಟಬಾರದು, ತಂತಿ ಬೇಲಿಯ ಪಕ್ಕವೂ ಬೇಡ. ದೂರದಲ್ಲೆಲ್ಲೋ ಬಡಿದ ಸಿಡಿಲನ್ನು ಬೇಲಿಯ ತಂತಿ ಹೊಲದ ಈ ತುದಿಯವರೆಗೂ ಹೊತ್ತು ತರುತ್ತದೆ.