ಲೇಸರ್ ಕೂದಲು ನಿವಾರಣೆ: ಹಣ ಕಟ್ಟುವ ಮೊದಲು ತಿಳಿದಿರಿ

ಗಲ್ಲ, ಮೇಲ್ದುಟಿ, ಕೆನ್ನೆಯ ಬದಿಯಲ್ಲಿ ದಪ್ಪ ಕೂದಲು ಬೆಳೆಯುವುದು ಎಷ್ಟೋ ಹೆಣ್ಣುಮಕ್ಕಳು ಯಾರಲ್ಲೂ ಹೇಳಿಕೊಳ್ಳದ ಸಂಕಟ. ಕಾಲೇಜಿನಲ್ಲಿ ಗೆಳತಿಯರ ತಮಾಷೆ, ಹೆಣ್ಣು ನೋಡಲು ಬಂದವರ ದೃಷ್ಟಿ, ವಾರಕ್ಕೊಮ್ಮೆ ಥ್ರೆಡ್ಡಿಂಗ್‌ನ ನೋವು. ಇಂತಹ ಹೊತ್ತಿನಲ್ಲಿ "ಲೇಸರ್ ಮಾಡಿಸಿ, ಒಮ್ಮೆಗೇ ಮುಗಿಯುತ್ತದೆ" ಎಂಬ ಜಾಹೀರಾತು ಕಂಡರೆ ಮನಸ್ಸು ಅತ್ತ ಹೋಗುವುದು ಸಹಜ. ಚಿಕಿತ್ಸೆ ಒಳ್ಳೆಯದೇ. ಆದರೆ ಒಮ್ಮೆಗೇ ಮುಗಿಯುವುದಿಲ್ಲ, ಎಲ್ಲರಿಗೂ ಒಂದೇ ಫಲ ಸಿಗುವುದೂ ಇಲ್ಲ.

ಮೊದಲು ಕಾರಣ ಹುಡುಕಿ

ಮುಖದ ಕೂದಲಿನ ಜೊತೆಗೆ ಮುಟ್ಟು ಏರುಪೇರಾಗುತ್ತಿದೆಯೇ? ಮೊಡವೆ ಹೆಚ್ಚಿದೆಯೇ? ತೂಕ ಏರುತ್ತಿದೆಯೇ? ಹಾಗಿದ್ದರೆ ಪಿಸಿಒಎಸ್ ಎಂಬ ಹಾರ್ಮೋನ್ ತೊಂದರೆ ಇರಬಹುದು. ಮೂಲ ಕಾರಣಕ್ಕೆ ಔಷಧ ಮಾಡದೆ ಕೂದಲನ್ನು ಮಾತ್ರ ಸುಟ್ಟರೆ ಹೊಸ ಕೂದಲು ಬರುತ್ತಲೇ ಇರುತ್ತದೆ, ಹಣ ಹೋಗುತ್ತಲೇ ಇರುತ್ತದೆ. ಕೆಲವೇ ತಿಂಗಳಲ್ಲಿ ಕೂದಲು ವೇಗವಾಗಿ ಹೆಚ್ಚಿ ಧ್ವನಿಯೂ ಗಡಸಾದರೆ ತಡಮಾಡದೆ ವೈದ್ಯರನ್ನು ಕಾಣಿರಿ.

ಹಿರಿಯಡ್ಕದಿಂದ ಬಸ್ಸು ಹತ್ತಿ ಅತ್ರಾಡಿ, ಪರ್ಕಳ ದಾಟಿದರೆ ಮಣಿಪಾಲ. ಅಲ್ಲಿನ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ, ಸ್ತ್ರೀರೋಗ ವಿಭಾಗವೂ ಇದೆ. ಬ್ಯೂಟಿ ಪಾರ್ಲರ್‌ನ ಪ್ಯಾಕೇಜಿಗೆ ಹಣ ಕಟ್ಟುವ ಮೊದಲು ತಜ್ಞರಿಗೆ ಒಮ್ಮೆ ತೋರಿಸುವುದು ಲಾಭದ ಮಾತೇ.

ಲೇಸರ್ ಏನು ಮಾಡುತ್ತದೆ?

ಕೂದಲಿನ ಕಪ್ಪು ಬಣ್ಣಕ್ಕೆ ಕಾರಣ ಮೆಲನಿನ್. ಲೇಸರ್ ಬೆಳಕನ್ನು ಈ ಮೆಲನಿನ್ ಹೀರಿಕೊಂಡು ಬಿಸಿಯಾಗುತ್ತದೆ, ಆ ಬಿಸಿಗೆ ಕೂದಲಿನ ಬುಡ ಹಾಳಾಗುತ್ತದೆ. ಅಕ್ಕಪಕ್ಕವನ್ನು ಬಿಟ್ಟು ಗುರಿಯನ್ನಷ್ಟೇ ಸುಡುವ ಈ ತತ್ವವನ್ನು ಅಮೆರಿಕದ ವೈದ್ಯರಾದ ಆ್ಯಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಪ್ರಕಟಿಸಿದರು.

ಒಂದು ಸಮಯದಲ್ಲಿ ಎಲ್ಲ ಕೂದಲೂ ಬೆಳೆಯುವ ಹಂತದಲ್ಲಿರುವುದಿಲ್ಲ. ಬೆಳೆಯುತ್ತಿರುವ ಕೂದಲಿಗೆ ಮಾತ್ರ ಲೇಸರ್ ಚೆನ್ನಾಗಿ ತಾಗುತ್ತದೆ. ಆದ್ದರಿಂದ 4ರಿಂದ 8 ವಾರಗಳ ಅಂತರದಲ್ಲಿ ಸಾಮಾನ್ಯವಾಗಿ 6ರಿಂದ 8 ಬಾರಿ ಹೋಗಬೇಕು. ಮುಖಕ್ಕೆ ಇನ್ನೂ ಹೆಚ್ಚು ಬೇಕಾಗಬಹುದು. ಕೂದಲು ಬಹಳ ಕಡಿಮೆಯಾಗುತ್ತದೆ, ಉಳಿದದ್ದು ನವಿರಾಗುತ್ತದೆ. ಪೂರ್ತಿ ಇಲ್ಲವಾಗುತ್ತದೆ ಎಂದು ಭಾವಿಸಬೇಡಿ, ವರ್ಷಕ್ಕೆ ಒಂದೆರಡು ಬಾರಿ ಮತ್ತೆ ಮಾಡಿಸಬೇಕಾಗಬಹುದು. ಬಿಳಿ ಕೂದಲಿಗೂ ತೀರಾ ತೆಳು ರೋಮಕ್ಕೂ ಇದು ಪ್ರಯೋಜನವಿಲ್ಲ.

ನಮ್ಮ ಬಣ್ಣಕ್ಕೆ ಯಾವ ಯಂತ್ರ?

ಮೆಲನಿನ್ ಕೂದಲಿನಲ್ಲಷ್ಟೇ ಅಲ್ಲ, ಚರ್ಮದಲ್ಲೂ ಇದೆ. ಕರಾವಳಿಯ ನಮ್ಮ ಕಂದು ಚರ್ಮಕ್ಕೆ ತಪ್ಪು ಯಂತ್ರ ಹಿಡಿದರೆ ಕೂದಲಿನ ಬದಲು ಚರ್ಮವೇ ಸುಡುತ್ತದೆ, ಬೊಬ್ಬೆ ಬರುತ್ತದೆ, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಗಾಢ ಬಣ್ಣದ ಚರ್ಮಕ್ಕೆ 1064 ನ್ಯಾನೊಮೀಟರ್‌ನ ಎನ್‌ಡಿ ಯಾಗ್ ಹೆಚ್ಚು ಸುರಕ್ಷಿತ. 800ರ ಆಸುಪಾಸಿನ ಡಯೋಡ್ ಲೇಸರನ್ನೂ ಅನುಭವಿಗಳು ಎಚ್ಚರಿಕೆಯಿಂದ ಬಳಸುತ್ತಾರೆ. 755ರ ಅಲೆಕ್ಸಾಂಡ್ರೈಟ್ ಬಿಳಿ ಚರ್ಮದವರಿಗೆ ಹೆಚ್ಚು ಹೊಂದುತ್ತದೆ. ಐಪಿಎಲ್ ಎಂಬುದು ಲೇಸರ್ ಅಲ್ಲ, ಕಂದು ಚರ್ಮಕ್ಕೆ ಅದರ ಅಪಾಯವೂ ಹೆಚ್ಚು. ಯಾವ ಯಂತ್ರ, ನಡೆಸುವವರು ಯಾರು, ವೈದ್ಯರು ಅಲ್ಲೇ ಇರುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸಿ ನೋಡಲು ಹೇಳಿ.

ಗಲ್ಫ್‌ನಲ್ಲಿ ಚಿಕಿತ್ಸೆ ಶುರುಮಾಡಿ ರಜೆಯಲ್ಲಿ ಊರಿಗೆ ಬಂದು ಮುಂದುವರಿಸುವವರು ಅಲ್ಲಿನ ಯಂತ್ರದ ಹೆಸರು, ಶಕ್ತಿಯ ಪ್ರಮಾಣ, ಹಿಂದಿನ ದಿನಾಂಕಗಳನ್ನು ಬರೆಸಿಕೊಂಡು ಬನ್ನಿ.

ಮಾಡಿಸುವ ಮೊದಲು

* 4 ವಾರ ವ್ಯಾಕ್ಸಿಂಗ್, ಥ್ರೆಡ್ಡಿಂಗ್, ಕೀಳುವುದು ಬೇಡ. ಬುಡ ಇರದಿದ್ದರೆ ಲೇಸರಿಗೆ ಗುರಿಯೇ ಇರುವುದಿಲ್ಲ. ಹಿಂದಿನ ದಿನ ಶೇವ್ ಮಾಡಬಹುದು. ಶೇವ್ ಮಾಡಿದರೆ ಕೂದಲು ದಪ್ಪವಾಗುತ್ತದೆ ಎಂಬುದು ಸುಳ್ಳು.
* ಆ ಜಾಗದಲ್ಲಿ ಮೆಹಂದಿ ಇರಬಾರದು. ಕೈಕಾಲಿನ ಚಿಕಿತ್ಸೆ ಇದ್ದರೆ ಮದುವೆ, ಈದ್‌ನ ಮೆಹಂದಿಯ ಬಣ್ಣ ಪೂರ್ತಿ ಹೋಗುವವರೆಗೆ ಕಾಯಿರಿ.
* ಬಿಸಿಲಿಗೆ ಚರ್ಮ ಕಂದಿದ್ದರೆ ಮುಂದೂಡಿ. ಏಪ್ರಿಲ್, ಮೇ ತಿಂಗಳಿಗಿಂತ ಮಳೆಗಾಲ ಶುರುಮಾಡಲು ಒಳ್ಳೆಯದು. ಆದರೆ ಮಳೆಗಾಲದ ತೇವಕ್ಕೆ ತೊಡೆಸಂದಿನಲ್ಲಿ ಹುಳುಕಡ್ಡಿ ಎದ್ದಿದ್ದರೆ ಮೊದಲು ಅದನ್ನು ವಾಸಿಮಾಡಿಕೊಳ್ಳಿ.
* ಗರ್ಭಿಣಿಯರು ಹೆರಿಗೆಯವರೆಗೆ ಕಾಯುವುದು ಲೇಸು.
* ಮೊಡವೆಯ ಮಾತ್ರೆ, ಆ್ಯಂಟಿಬಯಾಟಿಕ್ ಸೇವಿಸುತ್ತಿದ್ದರೆ, ಗಾಯ ಗಂಟುಕಟ್ಟುವ ಚರ್ಮವಿದ್ದರೆ, ತುಟಿಯ ಬಳಿ ಆಗಾಗ ಜ್ವರಗುಳ್ಳೆ ಏಳುತ್ತಿದ್ದರೆ ವೈದ್ಯರಿಗೆ ತಿಳಿಸಿ.

ಮರಗಟ್ಟಿಸುವ ಕ್ರೀಮನ್ನು ಮನೆಯಲ್ಲೇ ಕೈಕಾಲಿಗೆಲ್ಲ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಹೋಗಲೇಬೇಡಿ. ಅಮೆರಿಕದಲ್ಲಿ 22 ಮತ್ತು 25 ವರ್ಷದ ಇಬ್ಬರು ಯುವತಿಯರು ಹೀಗೆ ಮಾಡಿಕೊಂಡು ಪ್ರಾಣ ಕಳೆದುಕೊಂಡರು. 2007ರಲ್ಲಿ ಅಲ್ಲಿನ ಔಷಧ ಇಲಾಖೆ ಈ ಬಗ್ಗೆ ಸಾರ್ವಜನಿಕರನ್ನು ಎಚ್ಚರಿಸಿತು.

ಆ ದಿನ ಮತ್ತು ನಂತರ

ರಬ್ಬರ್ ಬ್ಯಾಂಡ್ ಚರ್ಮಕ್ಕೆ ಚಟೀರನೆ ಬಡಿದಂತೆ ಅನಿಸುತ್ತದೆ. ಕಣ್ಣಿಗೆ ವಿಶೇಷ ಕನ್ನಡಕ ಕಡ್ಡಾಯ. ಹುಬ್ಬಿನ ಕೆಳಗೆ, ಕಣ್ಣಿನ ಹತ್ತಿರ ಲೇಸರ್ ಬೇಡವೇ ಬೇಡ, ದೃಷ್ಟಿಗೇ ಅಪಾಯ. ಬಳಿಕ ಕೂದಲ ಬುಡದ ಸುತ್ತ ಕೆಂಪು, ಸಣ್ಣ ಊತ ಒಂದೆರಡು ದಿನ ಇರಬಹುದು. ತಣ್ಣೀರಿನ ಬಟ್ಟೆ ಒತ್ತಿ. ವುಝೂ ಮಾಡಲು, ತಣ್ಣೀರಿನಲ್ಲಿ ಸ್ನಾನ ಮಾಡಲು ಅಡ್ಡಿಯಿಲ್ಲ. ಉಜ್ಜಬೇಡಿ, ಬಿಸಿನೀರು ಹಾಕಬೇಡಿ. ಅತ್ತರು, ಸುವಾಸನೆಯ ಕ್ರೀಮ್‌ಗಳನ್ನು ಕೆಲವು ದಿನ ದೂರವಿಡಿ. ಒಂದರಿಂದ ಮೂರು ವಾರದಲ್ಲಿ ಸುಟ್ಟ ಕೂದಲು ತಾನಾಗಿ ಉದುರುತ್ತದೆ. ಬೊಬ್ಬೆ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಅಪರೂಪಕ್ಕೆ ಕೆಲವರಿಗೆ ಕೂದಲು ಕಡಿಮೆಯಾಗುವ ಬದಲು ಸುತ್ತಲೂ ಹೆಚ್ಚುವುದುಂಟು. ಕಂದು ಚರ್ಮದ ಮಹಿಳೆಯರ ಮುಖ, ಕುತ್ತಿಗೆಯಲ್ಲಿ ಇದು ಹೆಚ್ಚು ಕಾಣುತ್ತದೆ. ಹಾಗೆ ಕಂಡರೆ ಪ್ಯಾಕೇಜ್ ಮುಗಿಸುವ ಹಠ ಬೇಡ, ನಿಲ್ಲಿಸಿ ಕೇಳಿ.

ಉಮ್ರಾ, ಹಜ್ಜ್‌ಗೆ ಹೊರಡುವವರು ಕನಿಷ್ಠ ಒಂದು ತಿಂಗಳು ಮೊದಲೇ ನಿಲ್ಲಿಸಿ. ಇಹ್ರಾಮ್‌ನಲ್ಲಿ ಕೂದಲು ತೆಗೆಯುವಂತಿಲ್ಲ. ಮಕ್ಕಾದ ಬಿಸಿಲು ಹೊಸದಾಗಿ ಲೇಸರ್ ತಾಗಿದ ಚರ್ಮಕ್ಕೆ ಹಿತವೂ ಅಲ್ಲ.

ಲಜ್ಜೆ ಮತ್ತು ಅಗತ್ಯ

ಕಂಕುಳು ಮತ್ತು ಗುಪ್ತಾಂಗದ ಕೂದಲನ್ನು ನಲವತ್ತು ದಿನ ಮೀರದಂತೆ ತೆಗೆಯುವುದು ಪ್ರವಾದಿವರ್ಯರು ಕಲಿಸಿದ ಶುಚಿತ್ವ. ಅದಕ್ಕೆ ಮನೆಯ ಒಂದು ರೇಜರ್ ಸಾಕು. ಕೇವಲ ಅನುಕೂಲಕ್ಕಾಗಿ ಪರರ ಮುಂದೆ ಔರತ್ ತೆರೆಯುವುದು, ಹುಬ್ಬು ತಿದ್ದುವುದು ಮುಂತಾದ ವಿಷಯಗಳನ್ನು ನಂಬಿಕೆಯ ಉಲಮಾಗಳಲ್ಲಿ ವಿಚಾರಿಸಿಕೊಳ್ಳಿ. ಮುಖದ ಚಿಕಿತ್ಸೆಗಾದರೂ ಮಹಿಳಾ ಸಿಬ್ಬಂದಿ, ಬಾಗಿಲು ಮುಚ್ಚಿದ ಕೋಣೆ, ಜೊತೆಗೆ ತಾಯಿ ಅಥವಾ ಸಹೋದರಿಗೆ ಅವಕಾಶ ಕೇಳುವುದು ನಿಮ್ಮ ಹಕ್ಕು. ದಾಖಲೆಗೆಂದು ಫೋಟೊ ತೆಗೆದರೆ ಅದು ಎಲ್ಲಿರುತ್ತದೆ, ಯಾರು ನೋಡುತ್ತಾರೆ ಎಂದು ಕೇಳಿ. ಜಾಹೀರಾತಿಗೆ ಬಳಸಲು ಒಪ್ಪಿಗೆಯ ಸಹಿ ಹಾಕಬೇಡಿ.

ಮನೆಯ ಹಿರಿಯರಲ್ಲಿ ಒಂದು ಮಾತು. ಮಗಳ ಮುಖದ ಕೂದಲು ಅವಳ ತಪ್ಪಲ್ಲ. "ಮದುವೆಗೆ ಮೊದಲು ಹೇಗಾದರೂ ತೆಗೆಸು" ಎಂದು ಅವಸರಪಡಿಸಿದಾಗಲೇ ಅರೆಬರೆ ಕಲಿತವರ ಕೈಗೆ ಮುಖ ಒಪ್ಪಿಸುವ ಪ್ರಮಾದ ನಡೆಯುವುದು. ನಿಕಾಹ್ ನಿಶ್ಚಯವಾಗಿದ್ದರೆ ಎಂಟು ತಿಂಗಳಿಂದ ಒಂದು ವರ್ಷದ ಸಮಯ ಇಟ್ಟುಕೊಂಡು ಶುರುಮಾಡಿ. ಅಷ್ಟು ಸಮಯವಿಲ್ಲದಿದ್ದರೆ ಈಗಿನ ಥ್ರೆಡ್ಡಿಂಗ್‌ ಸಾಕು, ಚಿಕಿತ್ಸೆಯನ್ನು ಮದುವೆಯ ನಂತರ ನಿಧಾನವಾಗಿ ಮಾಡಿಸಬಹುದು. ಸುಟ್ಟ ಕಲೆಗಿಂತ ನಾಲ್ಕು ಕೂದಲು ಎಷ್ಟೋ ಮೇಲು.